ಹಿಂದಿನ ಸೀಟಿನ ಒಡೆತನ

ಆ ದಿನ ಮಧ್ಯಾಹ್ನ ಊಟಕ್ಕೆ ಕೂತ ಹಲ್ಲಿನ ಡಾಕ್ಟರು ತಟ್ಟೆಗೆ ಕೈ ಹಾಕಲಿಲ್ಲ. ಮೂಗಿನ ಹೊಳ್ಳೆಗಳು ಅರಳಿದ್ದವು, ಕಿವಿಗಳು ಕೆಂಪಗಾಗಿದ್ದವು. ಎದುರಿಗೆ ಹೆಂಡತಿ ಎಡಗೈಯಲ್ಲಿ ಐದನೆಯ ತರಗತಿಯ ವಿಜ್ಞಾನ ಪುಸ್ತಕದ ಕರಡು ಹಿಡಿದುಕೊಂಡು ಬಲಗೈಯಲ್ಲಿ ಊಟ ಮಾಡುತ್ತಿದ್ದಳು. (ಅಚ್ಚಿನ ಮನೆಯವರಿಗೆ ಕರಡು ತಿದ್ದಿಕೊಡುವುದು ಆಕೆಯ ಕಸುಬು.) ಗಂಡನ ಮೂಗು ಅರಳಿದ್ದು ಆಕೆಗೆ ಕಾಣಲಿಲ್ಲವೆಂದಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಮೂಗು ವಾರಕ್ಕೆ ಎರಡು ಸಲವಾದರೂ ಅರಳುವುದನ್ನು ನೋಡಿ ಆಕೆಗೆ ಅಭ್ಯಾಸವಾಗಿಬಿಟ್ಟಿತ್ತು.

“ಕೊಲೆ,” ಎಂದರು ಡಾಕ್ಟರು. “ಹಾಡಹಗಲೇ ಕೊಲೆ ನಡೀತಾ ಇದೆ, ನಮ್ಮಿಂದ ಎರಡು ಬೀದಿ ಆಚೆ.”

“ಯಾರದ್ದು?”

“ಕಾರಿಂದು.”

ಹೆಂಡತಿ ಪುಟ ತಿರುಗಿಸಿದಳು.

“ಶೆಡ್ಡಲ್ಲಿ ಹೂತಿಟ್ಟು ನಿಧಾನವಾಗಿ ಕೊಲ್ತಾ ಇದಾರೆ ಕಣೇ.”

“ಹೂತಿಟ್ಟು ಕೊಲ್ಲೋದಾ, ಕೊಂದು ಹೂತಿಡೋದಾ? ಯಾವುದಾದರೂ ಒಂದು ನಿರ್ಧಾರ ಮಾಡಿ ಹೇಳಿ,” ಎಂದು ಆಕೆ ಕರಡಿನಲ್ಲಿ ಒಂದು ಅಲ್ಪವಿರಾಮ ಹೊಡೆದುಹಾಕಿದಳು.

ಆದದ್ದಿಷ್ಟು. ಬೆಳಿಗ್ಗೆ ಒಂಬತ್ತೂವರೆಗೆ ಪಿಟೀಲು ಟೀಚರು ಸಡಿಲವಾದ ಹಲ್ಲುಸೆಟ್ಟನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಕ್ಲಿನಿಕ್ಕಿಗೆ ಬಂದಿದ್ದರು. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಮನೆಯಲ್ಲೇ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದರು. ಸರಿಮಾಡಿದ ಸೆಟ್ಟನ್ನು ಬಾಯಿಗೆ ಹಾಕಿಕೊಟ್ಟದ್ದೇ ತಡ, ಅಷ್ಟು ಹೊತ್ತು ಕಟ್ಟಿಟ್ಟಿದ್ದ ಮಾತೆಲ್ಲ ಹೊರಗೆ ಬಂತು. “ಮಕ್ಕಳು ಜಾಸ್ತಿ ಆಗಿದಾರೆ ಡಾಕ್ಟ್ರೇ, ಕೂರಿಸೋಕೆ ಜಾಗ ಇಲ್ಲ. ಹಿತ್ತಲಲ್ಲಿ ಒಂದು ಶೆಡ್ಡಿದೆ, ಅದರ ತುಂಬ ನಮ್ಮ ಯಜಮಾನ್ರ ಹಳೇ ಕಾರು. ಗುಜರಿಯವನಿಗೆ ಹೇಳೋಣ ಅಂತಿದೀನಿ.”

ಯಾವ ಕಾರು ಎಂದು ಡಾಕ್ಟರು ಸುಮ್ಮನೆ ಕೇಳಿದರು. ಹಳೆಯ ಗಾಡಿಗಳೆಂದರೆ ಅವರಿಗೆ ಜೀವ. ಟೀಚರಿಗೆ ಹೆಸರು ಗೊತ್ತಿರಲಿಲ್ಲ. ಮುಂದೆ ಮೂತಿಯ ಮೇಲೆ ಬಾತುಕೋಳಿಯ ಬೊಂಬೆ ಇದೆ, ಒಳಗೆ ಡ್ರೈವರಿಗೂ ಹಿಂದೆ ಕೂತವರಿಗೂ ನಡುವೆ ಗಾಜಿನ ತಡಿಕೆ ಇದೆ ಎಂದರು.

“ಬಾತುಕೋಳಿಯಾ, ಕೊಕ್ಕರೆಯಾ?” ಎಂದು ಕೇಳಿದರು ಡಾಕ್ಟರು.

“ಕತ್ತು ಉದ್ದ ಇದೆಯಪ್ಪ. ಕೊಕ್ಕರೇನೇ ಇರಬೇಕು.”

ಡಾಕ್ಟರ ಕೈಯಲ್ಲಿದ್ದ ಪುಟ್ಟ ಕನ್ನಡಿ ಟ್ರೇಗೆ ಬಿತ್ತು. ಮೂತಿಯ ಮೇಲೆ ಕೊಕ್ಕರೆ ನಿಲ್ಲಿಸಿದ ಆ ಕಾರನ್ನು ಕಂಪನಿ ಮಾಡಿದ್ದೇ ಮೂವತ್ತೇಳು. ಆಮೇಲೆ ಕಂಪನಿಯೇ ಬಾಗಿಲು ಮುಚ್ಚಿತು. ಈಗ ಭೂಮಂಡಲದ ಮೇಲೆ ನಾಲ್ಕೋ ಐದೋ ಉಳಿದಿವೆಯೆಂದು ಅವರು ಓದಿದ್ದರು. ಅದರಲ್ಲೊಂದು ಎರಡು ಬೀದಿ ಆಚೆ, ಗುಜರಿಯವನ ದಾರಿ ಕಾಯುತ್ತ ಕೂತಿದೆ. ಹೊರಗೆ ಇಬ್ಬರು ರೋಗಿಗಳು ದವಡೆ ಹಿಡಿದುಕೊಂಡು ಕಾಯುತ್ತಿದ್ದರು. ಡಾಕ್ಟರು ಅವರಿಗೆ ತಲಾ ಒಂದು ಮಾತ್ರೆ ಕೊಟ್ಟು, ಹನ್ನೊಂದು ಗಂಟೆಗೆ ಕ್ಲಿನಿಕ್ಕಿನ ಬಾಗಿಲೆಳೆದುಕೊಂಡು ಟೀಚರ ಹಿಂದೆಯೇ ನಡೆದರು.

ಶೆಡ್ಡಿನ ಬಾಗಿಲು ತೆಗೆದಾಗ ಅವರಿಗೆ ಕಣ್ಣು ಮಂಜಾಯಿತು. (ಧೂಳಿಗೆ ಎಂದು ಟೀಚರು ತಿಳಿದುಕೊಂಡರು.) ಕಾರಿನ ಮೈಯೆಲ್ಲ ಬೂದು ಹೊದಿಕೆಯ ಹಾಗೆ ಧೂಳು. ಅದರ ಕೆಳಗೆ ಕಡುಗೆಂಪು, ಅದರ ಕೆಳಗೆ ಕೆನೆಬಣ್ಣ. ನಾಲ್ಕು ಟೈರುಗಳೂ ಗಾಳಿ ಬಿಟ್ಟು ನೆಲಕ್ಕೆ ಹರಡಿಕೊಂಡಿದ್ದವು. ದೊಡ್ಡ ದೀಪಗಳ ಮೇಲೆ ಯಾರೋ ಒಗೆದ ಕಾಲುಚೀಲ ಒಣಹಾಕಿದ್ದರು. ಬಾನೆಟ್ಟಿನ ಮೇಲೆ ಫೋಟೋ ತೊಳೆಯುವ ತಟ್ಟೆಗಳು, ಖಾಲಿ ಬಾಟಲಿಗಳು, ಒಂದು ಮುರಿದ ಸ್ಟ್ಯಾಂಡು. ಕೊಕ್ಕರೆಯ ಕತ್ತಿಗೆ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಕಟ್ಟಿತ್ತು. ಫುಟ್‌ಬೋರ್ಡಿನ ಮೇಲೆ ಮಾತ್ರ ಒಂದು ಜೊತೆ ಚಪ್ಪಲಿ, ಬಹಳ ಅಚ್ಚುಕಟ್ಟಾಗಿ.

ಒಳಗೆ, ಹಿಂದಿನ ಸೀಟಿನಲ್ಲಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಎಪ್ಪತ್ತೆಂಟರ ಮುದುಕರೊಬ್ಬರು ಪೇಪರು ಓದುತ್ತಿದ್ದರು.

“ಇವರೇ ನಮ್ಮ ಯಜಮಾನ್ರು. ಫೋಟೋ ಸ್ಟುಡಿಯೋ ಇಟ್ಟಿದ್ರಲ್ಲ, ಅವರು,” ಎಂದು ಟೀಚರು ತೋರಿಸಿ, ಪಾಠಕ್ಕೆ ಹೊತ್ತಾಯಿತೆಂದು ಒಳಗೆ ಹೋದರು.

ಡಾಕ್ಟರು ಗಾಜು ತಟ್ಟಿದರು. ಯಜಮಾನರು ಓದುತ್ತಿದ್ದ ವಾಕ್ಯ ಮುಗಿಸಿ, ಗಾಜನ್ನು ಎರಡು ಬೆರಳಿನಷ್ಟು ಇಳಿಸಿದರು.

“ಏನು ಸ್ವಾಮಿ?”

“ಯಜಮಾನ್ರೇ, ನೀವು ಕೂತಿರೋದು ಯಾವುದರಲ್ಲಿ ಅಂತ ಗೊತ್ತಾ ನಿಮಗೆ?”

“ಗೊತ್ತು. ಕಾರಲ್ಲಿ.”

ಡಾಕ್ಟರು ಕಾರಿನ ಚರಿತ್ರೆಯನ್ನೆಲ್ಲ ಆ ಎರಡು ಬೆರಳಿನ ಸಂದಿಯಿಂದ ಒಳಗೆ ತುರುಕಿದರು. ಮೂವತ್ತೇಳು ಕಾರುಗಳು, ಮುಚ್ಚಿಹೋದ ಕಂಪನಿ, ಕೈಯಿಂದ ತಟ್ಟಿ ಮಾಡಿದ ತಗಡು. ಕೊನೆಗೆ, ಇಂಥ ಗಾಡಿಯನ್ನು ಓಡಿಸದೆ ಹೀಗೆ ನಿಲ್ಲಿಸಲು ಮನಸ್ಸಾದರೂ ಹೇಗೆ ಬಂತು ಎಂದು ಕೇಳಿದರು.

“ಓಡಿಸೋದಾ?” ಯಜಮಾನರು ಕನ್ನಡಕ ಸರಿಮಾಡಿಕೊಂಡರು. “ನನಗೆ ಡ್ರೈವಿಂಗ್ ಬರಲ್ಲ. ಇದನ್ನ ತಳ್ಳಿಸಿಕೊಂಡು ತಂದಿದ್ದು. ಸ್ಟುಡಿಯೋ ಮುಂದೆ ನಿಲ್ಲಿಸಿದ್ದೆ. ಜನ ಪಕ್ಕದಲ್ಲಿ ನಿಂತು ಫೋಟೋ ಹೊಡೆಸ್ಕೊಳ್ಳೋರು.”

ಡಾಕ್ಟರು ಶೆಡ್ಡಿನ ಕಂಬ ಹಿಡಿದುಕೊಂಡರು. ಮೂವತ್ತೇಳರಲ್ಲಿ ಒಂದು, ಪರದೆಯ ಹಾಗೆ, ಕಾಗದದ ಹೂವಿನ ಹಾಗೆ, ಬರೀ ಫೋಟೋದ ಸರಂಜಾಮು.

“ಮಾರಿಬಿಡಿ ಯಜಮಾನ್ರೇ. ನಾನು ಇದಕ್ಕೆ ಜೀವ ಕೊಡ್ತೀನಿ.”

“ಆಗಲ್ಲ.”

“ಯಾಕೆ?”

“ಕೂತಿದೀನಲ್ಲ,” ಎಂದು ಯಜಮಾನರು ಗಾಜೇರಿಸಿದರು.

ಇಷ್ಟನ್ನೂ ಡಾಕ್ಟರು ಊಟದ ಮೇಜಿನ ಮುಂದೆ ಅಭಿನಯ ಸಮೇತ ಹೇಳಿದರು. “‘ಕೂತಿದೀನಲ್ಲ’ ಅಂತೆ. ಇದೂ ಒಂದು ಕಾರಣವಾ? ಕುರ್ಚಿ ಇಲ್ವಾ ಅವರ ಮನೇಲಿ? ನೋಡ್ತಾ ಇರು, ಆ ಕಾರಿನ ಪುನರುಜ್ಜೀವನ ನನ್ನ ಕೈಯಿಂದಲೇ ಆಗುತ್ತೆ.”

“ಪುನರ್, ಉಜ್ಜೀವನ,” ಎಂದಳು ಹೆಂಡತಿ. “ನಿಮಗೆ ಅದರಲ್ಲಿ ಉಜ್ಜೋದು ಒಂದೇ ಗೊತ್ತಿರೋದು. ಹೋದ ಸಲ ಆ ಮೋಟರ್‌ಬೈಕಿಗೆ ಜೀವ ಕೊಡ್ತೀನಿ ಅಂತ ಎಂಜಿನ್ ತಂದು ಬಚ್ಚಲಲ್ಲಿ ನೆನೆಹಾಕಿದ್ರಿ. ಒಂದೂವರೆ ವರ್ಷ ನಾವು ಅದರ ಪಕ್ಕದಲ್ಲಿ ಸ್ನಾನ ಮಾಡಿದ್ವಿ. ಕಾರ್ಬ್ಯುರೇಟರ್ ಕುದಿಸಿದ್ದು ನನ್ನ ಹಾಲಿನ ಪಾತ್ರೇಲಿ.”

“ಆಮೇಲೆ ತೊಳೆದು ಇಟ್ನಲ್ಲ.”

“ಪೆಟ್ರೋಲಲ್ಲಿ ತೊಳೆದ್ರಿ.”

ಅಷ್ಟರಲ್ಲಿ ಕ್ಲಿನಿಕ್ಕಿನ ಗಂಟೆ ಹೊಡೆಯಿತು. ಆ ಮನೆಯ ಮುಂದಿನ ಎರಡು ಕೋಣೆ ಕ್ಲಿನಿಕ್ಕು, ಹಿಂದಿನ ಮೂರು ಕೋಣೆ ಸಂಸಾರ. ನಡುವೆ ಒಂದು ತೆಳ್ಳನೆಯ ಗೋಡೆ. ಡಾಕ್ಟರು ಮುಂದೆ ಹಲ್ಲು ಕೊರೆಯುವ ಯಂತ್ರ ಹಚ್ಚಿದರೆಂದರೆ ಹಿಂದೆ ಊಟದ ಮೇಜಿನ ಮೇಲೆ ಕರಡು ತಿದ್ದುತ್ತಿದ್ದ ಹೆಂಡತಿಯ ಕೆಂಪು ಪೆನ್ಸಿಲು ಎಗರಿ, ಸರಿಯಾಗಿದ್ದ ಪದದ ಮೇಲೂ ಗೀಟು ಬೀಳುತ್ತಿತ್ತು. ಅವತ್ತೂ ಬಿತ್ತು. ಆಕೆ ಆ ಹಾಳೆ ಹಿಡಿದುಕೊಂಡು ಕ್ಲಿನಿಕ್ಕಿನ ಬಾಗಿಲಿಗೆ ಬಂದು, ರೋಗಿಯ ಎದುರಿಗೇ ತೋರಿಸಿದಳು. “ನೋಡಿ, ಸಸ್ಯಗಳಿಗೆ ಬೇರು ಇರುತ್ತದೆ ಅನ್ನೋದನ್ನ ನೀವು ಹೊಡೆದುಹಾಕಿಸಿದ್ರಿ.” ಸದ್ದಾದರೆ ತಾನೇ ಮನೆ ನಡೆಯುವುದು ಎಂದು ಡಾಕ್ಟರು ಎಂದಿನಂತೆ ಹೇಳಿದರು. ಆಕೆ ಎಂದಿನಂತೆ ಹಾಳೆ ಮಡಿಸಿಕೊಂಡು ಹೋದಳು.

ಮರುದಿನದಿಂದ ಡಾಕ್ಟರು ಯಜಮಾನರ ಮೇಲೆ ದಂಡಯಾತ್ರೆ ಶುರುಮಾಡಿದರು.

ಮೊದಲ ದಿನ ಅವರು ಹೂಡಿದ್ದು ತಮ್ಮ ಕಸುಬಿನ ಅಸ್ತ್ರ. ಕಾರು ಕೊಟ್ಟರೆ ಯಜಮಾನರಿಗೆ ಜೀವಮಾನವಿಡೀ ಹಲ್ಲಿನ ಚಿಕಿತ್ಸೆ ಪುಕ್ಕಟೆ, ಬೇಕಾದರೆ ಪೂರ್ತಿ ಹೊಸ ಸೆಟ್ಟು. ಯಜಮಾನರು ಗಾಜಿಳಿಸಿ ಬಾಯಿ ತೆರೆದು ತೋರಿಸಿದರು. ಮೂವತ್ತೆರಡು, ಎಲ್ಲ ಸ್ವಂತದ್ದು. ಒಂದರಲ್ಲೂ ಹುಳುಕಿರಲಿಲ್ಲ. ಡಾಕ್ಟರು ಟಾರ್ಚು ಹಾಕಿ ಎರಡು ಸಲ ಹುಡುಕಿದರು. ಆ ವಯಸ್ಸಿಗೆ ಅಂಥ ಹಲ್ಲಿಟ್ಟುಕೊಳ್ಳುವುದು ತಮ್ಮ ವೃತ್ತಿಗೆ ಮಾಡಿದ ಅವಮಾನವೆಂದೇ ಅವರಿಗೆ ಅನ್ನಿಸಿತು.

ಆಮೇಲೆ ಮೆಕ್ಯಾನಿಕ್ ಮೇಸ್ತ್ರಿಯನ್ನು ಕರೆದುಕೊಂಡು ಹೋದರು. ಮೇಸ್ತ್ರಿ ಮಾತಿನಲ್ಲಿ ಗಟ್ಟಿಗ. ಕಾರು ಒಳಗೊಳಗೇ ತುಕ್ಕು ಹಿಡಿದು ತಿಂದುಹೋಗಿದೆ, ಯಾವ ಗಳಿಗೆಯಲ್ಲಾದರೂ ಸೀಟು ಸಮೇತ ಕುಸಿಯಬಹುದು ಎಂದು ಯಜಮಾನರ ಎದೆ ನಡುಗುವ ಹಾಗೆ ಹೇಳಬೇಕೆಂದು ದಾರಿಯುದ್ದಕ್ಕೂ ಹೇಳಿಕೊಟ್ಟದ್ದಾಗಿತ್ತು. ಮೇಸ್ತ್ರಿ ಕಾರಿನಡಿ ನುಗ್ಗಿ ಬಂದ, ಬಾನೆಟ್ಟು ಎತ್ತಿ ನೋಡಿದ, ಸೀಟಿನ ಗತಿ ನೋಡುತ್ತೇನೆಂದು ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ ಯಜಮಾನರ ಪಕ್ಕದಲ್ಲಿ ಕೂತ. ಬಾಗಿಲು ಮುಚ್ಚಿಕೊಂಡಿತು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಡಾಕ್ಟರು ಗಾಜಿಗೆ ಮುಖ ಒತ್ತಿ ನೋಡಿದರೆ ಮೇಸ್ತ್ರಿ ಬಾಯಿ ಕಳೆದುಕೊಂಡು ನಿದ್ದೆ ಮಾಡುತ್ತಿದ್ದ. ಯಜಮಾನರು ತಮ್ಮ ದಿಂಬಿನ ಅರ್ಧವನ್ನು ಅವನ ತಲೆಗೆ ಬಿಟ್ಟುಕೊಟ್ಟಿದ್ದರು.

“ಏನಯ್ಯಾ ಇದು,” ಎಂದು ಹೊರಗೆಳೆದ ಮೇಲೆ ಡಾಕ್ಟರು ಹಾರಾಡಿದರು.

“ಏನೋ ಗೊತ್ತಿಲ್ಲ ಸಾರ್,” ಎಂದು ಮೇಸ್ತ್ರಿ ಕಣ್ಣುಜ್ಜಿಕೊಂಡ. “ಗ್ಯಾರೇಜಲ್ಲಿ ಇಡೀ ದಿನ ಸುತ್ತಿಗೆ ಸದ್ದು, ಮನೇಲಿ ಮಕ್ಕಳ ಗಲಾಟೆ. ಇಲ್ಲಿ ಕೂತ ತಕ್ಷಣ ಕಿವೀಲಿ ಹತ್ತಿ ಇಟ್ಟ ಹಾಗಾಯ್ತು.”

ಈ ಮಾತನ್ನು ಡಾಕ್ಟರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಸಿಟ್ಟೆಲ್ಲ ಮೇಸ್ತ್ರಿಯ ಕೃತಘ್ನತೆಯ ಮೇಲಿತ್ತು.

ಮೂರನೆಯದಾಗಿ ಪಿಟೀಲು ಟೀಚರನ್ನೇ ಎತ್ತಿಕಟ್ಟಿದರು. ಟೀಚರು ಶೆಡ್ಡಿನಲ್ಲಿ ಇಪ್ಪತ್ತು ಕುರ್ಚಿ ಹಾಕುವ ಕನಸು ಕಾಣುತ್ತಿದ್ದವರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು. “ಏನ್ರೀ, ಡಾಕ್ಟ್ರು ದಿನಾ ಕೆಲಸ ಬಿಟ್ಟು ಬರ್ತಿದಾರೆ. ಒಪ್ಕೊಂಡು ಬಿಡಬಾರದಾ?” ಎಂದು ಗಾಜು ಬಡಿದರು. ಯಜಮಾನರು ಒಳಗಿನಿಂದ ಕೈಮುಗಿದರು. ಅವತ್ತು ಅವರು ಊಟಕ್ಕೂ ಇಳಿಯಲಿಲ್ಲ. ಟೀಚರೇ ತಟ್ಟೆ ತಂದು ಕಾರಿನೊಳಗೆ ಕೊಡಬೇಕಾಯಿತು. ಕೊಟ್ಟು ಬಂದವರು ಡಾಕ್ಟರನ್ನು ನೋಡಿದ ನೋಟ ಮೊದಲಿನಷ್ಟು ಸ್ನೇಹದ್ದಾಗಿರಲಿಲ್ಲ.

ಹನ್ನೆರಡನೆಯ ದಿನ ಡಾಕ್ಟರಿಗೆ ತಾಳ್ಮೆ ತಪ್ಪಿತು. “ಇದು ಹಠ ಅಲ್ಲದೆ ಮತ್ತೇನು?” ಎಂದು ಅವರು ಗಾಜಿನ ಸಂದಿಗೆ ಬಾಯಿಟ್ಟು ಗದರಿದರು. “ಓಡಿಸೋಕೆ ಬರಲ್ಲ, ಒರೆಸೋದೂ ಇಲ್ಲ. ಬರೀ ಕೂರೋದಕ್ಕೆ ಇಷ್ಟು ದೊಡ್ಡ ಕಾರು ಬೇಕಾ ನಿಮಗೆ?”

ಯಜಮಾನರು ಪೇಪರು ಮಡಿಸಿ, ಅದುವರೆಗೂ ಇಳಿಸಿರದಷ್ಟು ಗಾಜನ್ನು ಇಳಿಸಿದರು. ಮನೆಯೊಳಗಿಂದ ಹದಿನಾಲ್ಕು ಮಕ್ಕಳು ಏಕಕಾಲಕ್ಕೆ ಹದಿನಾಲ್ಕು ಪಿಟೀಲು ತೀಡುತ್ತಿದ್ದ ಸದ್ದು ಅಲ್ಲೆಲ್ಲ ಹಬ್ಬಿತ್ತು. ಎಣ್ಣೆ ಕಾಣದ ಹದಿನಾಲ್ಕು ಬಾಗಿಲುಗಳನ್ನು ಒಟ್ಟಿಗೆ ತೆರೆದು ಮುಚ್ಚಿದಂತಿತ್ತು.

“ಡಾಕ್ಟ್ರೇ, ನಿಮ್ಮ ಮನೆಯವರು ಇದಕ್ಕೆ ಒಪ್ಪಿದಾರಾ?”

“ಅವಳದ್ದೇನು, ಒಪ್ಪುತ್ತಾಳೆ.”

“ಹಾಗಾದ್ರೆ ಕರ್ಕೊಂಡು ಬನ್ನಿ. ಅವರ ಬಾಯಿಂದ ಒಂದು ಮಾತು ಕೇಳಿದ್ರೆ ಆಮೇಲೆ ನಾನು ಯೋಚನೆ ಮಾಡ್ತೀನಿ.”

ಯಾವ ಮನೆಯ ಹೆಂಗಸಾದರೂ ಈ ತುಕ್ಕಿನ ರಾಶಿಗೆ ಒಪ್ಪುವುದಿಲ್ಲ, ತಮಗೆ ಡಾಕ್ಟರ ಕಾಟದಿಂದ ಬಿಡುಗಡೆಯಾಯಿತು ಎಂಬುದು ಯಜಮಾನರ ಲೆಕ್ಕಾಚಾರ. ಡಾಕ್ಟರಿಗೂ ಒಳಗೊಳಗೆ ಅದೇ ಭಯ. ಆ ಸಂಜೆ ಅವರು ತಾವೇ ಪಾತ್ರೆ ತೊಳೆದರು, ಕರಡಿನ ಹಾಳೆಗಳನ್ನು ಜೋಡಿಸಿಕೊಟ್ಟರು, ಬಚ್ಚಲಲ್ಲಿ ಉಳಿದಿದ್ದ ಬೈಕಿನ ಸರಪಳಿಯನ್ನು ಹೊರಗೆ ಹಾಕಿದರು. ಹೆಂಡತಿ ಎಲ್ಲವನ್ನೂ ನೋಡಿ, “ಏನು ಆಗಬೇಕು ಹೇಳಿ,” ಎಂದಳು.

“ಒಂದು ಸಲ ಬಂದು ನನಗೆ ಅಡ್ಡಿ ಇಲ್ಲ ಅಂದುಬಿಡು. ಅಷ್ಟೇ ಸಾಕು.”

“ಅಡ್ಡಿ ಇದೆಯಲ್ಲ.”

“ಬಂದು ನೋಡು. ನೋಡಿದ ಮೇಲೆ ಅಡ್ಡಿ ಇದ್ರೆ ಅಲ್ಲೇ ಹೇಳು.”

ಭಾನುವಾರ ಬೆಳಿಗ್ಗೆ ಇಬ್ಬರೂ ಹೋದರು. ಶೆಡ್ಡಿನ ಮುಂದೆ ನಿಂತು ಹೆಂಡತಿ ಕಾರನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದಳು. ತಪ್ಪುಗಳನ್ನು ಎಣಿಸುತ್ತಿದ್ದಾಳೆಂದು ಡಾಕ್ಟರಿಗೆ ಗೊತ್ತಾಯಿತು. ಯಜಮಾನರು ಆಕೆಗೆ ಗೌರವ ಕೊಟ್ಟು ಪೂರ್ತಿ ಬಾಗಿಲನ್ನೇ ತೆರೆದರು. (ಹನ್ನೆರಡು ದಿನ ಬಂದ ಡಾಕ್ಟರಿಗೆ ಅವರು ಬಾಗಿಲು ತೆರೆದಿರಲಿಲ್ಲ. ಇದನ್ನು ಡಾಕ್ಟರು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು.)

“ನಿಮ್ಮ ಯಜಮಾನ್ರಿಗೆ ಈ ಕಾರು ಬೇಕಂತೆ ತಾಯಿ.”

“ಅವರಿಗೆ ಬೇಕಾದ್ದು ಬಹಳ ಇರುತ್ತೆ. ನಿಮಗೆ ಯಾಕೆ ಬೇಕು, ಅದನ್ನು ಹೇಳಿ,” ಎಂದಳು ಹೆಂಡತಿ.

ಯಜಮಾನರು ಮನೆಯ ಕಡೆ ನೋಡಿದರು. ಟೀಚರು ಆಗಷ್ಟೇ ಭಾನುವಾರದ ವಿಶೇಷ ತರಗತಿ ಆರಂಭಿಸಿದ್ದರು. ಮೊದಲ ಪಿಟೀಲು ಕಿರುಗುಟ್ಟಿತು. “ನಲವತ್ತೆರಡು ವರ್ಷದಿಂದ ಇದೇ ಆಗ್ತಿದೆ,” ಎಂದರು ಅವರು. “ಸ್ಟುಡಿಯೋ ಇದ್ದಾಗ ಕತ್ತಲೆ ಕೋಣೆ ಇತ್ತು, ಬಾಗಿಲು ಹಾಕ್ಕೊಂಡು ಫೋಟೋ ತೊಳೀತಿದ್ದೆ. ಅದು ಮುಚ್ಚಿತು. ಅವಳು ಪಾಠ ಹೇಳೋದು ತಪ್ಪು ಅಂತ ನಾನು ಹೇಳಲ್ಲ, ಅವಳು ಒಳ್ಳೇ ಟೀಚರು. ಆದ್ರೆ ಈ ಮನೇಲಿ ನನಗೆ ಅಂತ ಒಂದು ಬಾಗಿಲಿಲ್ಲ. ಇದು ಒಂದಿದೆ.” ಅವರು ಕಾರಿನ ಬಾಗಿಲನ್ನು ಮೆಲ್ಲಗೆ ತಟ್ಟಿದರು. “ನಿಮಗೆ ನಿಮ್ಮ ಮನೇಲಿ ಒಂದು ಕೋಣೆ ಇದೆಯಾ ತಾಯಿ, ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳೋಕೆ?”

ಹೆಂಡತಿ ಕಾರಿನ ಬಾಗಿಲಿನ ಹಿಡಿಕೆಯನ್ನೊಮ್ಮೆ ಮುಟ್ಟಿ ನೋಡಿದಳು. “ಇಲ್ಲ,” ಎಂದಳು. “ಊಟದ ಮೇಜಿದೆ.”

“ಬನ್ನಿ, ಒಂದು ನಿಮಿಷ ಕೂತು ನೋಡಿ.”

ಆಕೆ ಚಪ್ಪಲಿ ಬಿಟ್ಟು ಒಳಗೆ ಹತ್ತಿದಳು. ಬಾಗಿಲು ಮುಚ್ಚಿಕೊಂಡಿತು. ಆ ಕಾರಿನ ಬಾಗಿಲು ಮುಚ್ಚುವ ಸದ್ದು ಒಂದು ದಪ್ಪ ಪುಸ್ತಕ ಮುಚ್ಚಿದ ಹಾಗಿತ್ತು. ಅಷ್ಟೆ, ಆಮೇಲೆ ಡಾಕ್ಟರಿಗೆ ಒಂದಕ್ಷರವೂ ಕೇಳಿಸಲಿಲ್ಲ. ಗಾಜಿನಾಚೆ ಯಜಮಾನರ ತುಟಿ ಅಲ್ಲಾಡಿತು, ಹೆಂಡತಿಯ ತುಟಿ ಅಲ್ಲಾಡಿತು. ಒಮ್ಮೆ ಇಬ್ಬರೂ ಒಟ್ಟಿಗೆ ತಲೆಯೆತ್ತಿ ಡಾಕ್ಟರನ್ನು ನೋಡಿದರು, ಒಟ್ಟಿಗೆ ತಲೆಯಾಡಿಸಿದರು. ಮತ್ತೊಮ್ಮೆ ಹೆಂಡತಿ ಗಟ್ಟಿಯಾಗಿ ನಕ್ಕಳು. (ಸದ್ದು ಬರಲಿಲ್ಲ, ಹಲ್ಲು ಕಂಡಿತು. ಆ ಹಲ್ಲುಗಳನ್ನು ಡಾಕ್ಟರು ನೋಡಿ ಬಹಳ ದಿನವಾಗಿತ್ತು.) ಹೊರಗೆ ಹದಿನಾಲ್ಕು ಪಿಟೀಲುಗಳ ನಡುವೆ ನಿಂತ ಡಾಕ್ಟರು ಕೈಗಡಿಯಾರ ನೋಡಿಕೊಂಡರು. ಮೂವತ್ತೈದು ನಿಮಿಷವಾಗಿತ್ತು.

ಹೆಂಡತಿ ಇಳಿದು ಬಂದಳು. ಮುಖ ತೊಳೆದು ಬಂದವಳ ಹಾಗಿದ್ದಳು.

“ಕೊಡ್ತಾರಂತೆ,” ಎಂದಳು.

ಡಾಕ್ಟರು ನಿಂತಲ್ಲೇ ಒಮ್ಮೆ ಕುಪ್ಪಳಿಸಿದರು.

“ಆದ್ರೆ ನಿಮಗಲ್ಲ, ನನಗೆ. ಕಾಗದ ನನ್ನ ಹೆಸರಲ್ಲಿ ಆಗಬೇಕಂತೆ. ನಿಮ್ಮ ಕೈಗೆ ಕೊಟ್ರೆ ನಟ್ಟು ಬೋಲ್ಟು ಬಿಚ್ಚಿ ಹರಡಿಬಿಡ್ತೀರಿ ಅಂತ ಅವರಿಗೆ ಭಯ. ಆಮೇಲೆ ಅವರು ಆಗಾಗ ಬಂದು ನೋಡ್ಕೊಂಡು ಹೋಗ್ತಾರಂತೆ.”

ಬರಲಿ, ಧಾರಾಳವಾಗಿ ಬರಲಿ ಎಂದರು ಡಾಕ್ಟರು. ಹೆಸರು ಯಾರದಾದರೇನು, ಗಂಡ ಹೆಂಡತಿಯಲ್ಲಿ ನಿನ್ನದು ನನ್ನದು ಉಂಟೇ ಎಂದೂ ಸೇರಿಸಿದರು. ಬೆಲೆಯೂ ಅವರು ಹೆದರಿದ್ದಕ್ಕಿಂತ ಎಷ್ಟೋ ಕಡಿಮೆ. ಕ್ರಯಪತ್ರವನ್ನು ಹೆಂಡತಿ ಮೂರು ಸಲ ಓದಿ, ನಾಲ್ಕು ಕಡೆ ಕಾಗುಣಿತ ತಿದ್ದಿ, ರುಜು ಹಾಕಿದಳು. ಪಕ್ಕದಲ್ಲಿ ಸಾಕ್ಷಿ ಎಂದಿದ್ದ ಕಡೆ ಡಾಕ್ಟರು ಸಂತೋಷದಿಂದ ತಮ್ಮ ರುಜು ಹಾಕಿದರು.

ಬುಧವಾರ ಎಳೆಯುವ ಲಾರಿಯಲ್ಲಿ ಕಾರು ಬಂತು. ಮನೆಯ ಹಿಂದಿನ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ ಅದನ್ನು ನಿಲ್ಲಿಸಿದಾಗ ಡಾಕ್ಟರು ಸ್ವತಃ ಹಗ್ಗ ಬಿಚ್ಚಿ, ಕೊಕ್ಕರೆಯ ಕತ್ತು ಒರೆಸಿದರು. ರಾತ್ರಿಯ ಊಟದ ಹೊತ್ತಿಗೆ ಕಾಮಗಾರಿಯ ನಕ್ಷೆ ಸಿದ್ಧವಾಗಿತ್ತು. ಮೊದಲು ಸೀಟುಗಳನ್ನು ಬಿಚ್ಚುವುದು, ಆಮೇಲೆ ಬಾಗಿಲು, ಆಮೇಲೆ ಗಾಜು, ಆಮೇಲೆ ಎಂಜಿನ್ನು. ಎರಡು ವರ್ಷದಲ್ಲಿ ಕಾರು ಹೊಚ್ಚ ಹೊಸದು. ಹೆಂಡತಿ ನಕ್ಷೆಯನ್ನು ಗಮನವಿಟ್ಟು ಓದಿ, ಏನೂ ಹೇಳದೆ ಹಿಂದಿರುಗಿಸಿದಳು. ಡಾಕ್ಟರಿಗೆ ಅದು ಒಪ್ಪಿಗೆಯ ಹಾಗೆ ಕಂಡಿತು.

ಗುರುವಾರ ಬೆಳಿಗ್ಗೆ ಅವರು ಸ್ಪ್ಯಾನರುಗಳ ಪೆಟ್ಟಿಗೆ ಹಿಡಿದು ಅಂಗಳಕ್ಕೆ ಬಂದರು. ಕಾರಿನ ಫುಟ್‌ಬೋರ್ಡಿನ ಮೇಲೆ ಹೆಂಡತಿಯ ಚಪ್ಪಲಿ ಇತ್ತು. ಒಳಗೆ ಹಿಂದಿನ ಸೀಟಿನಲ್ಲಿ ಆಕೆ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಆರನೆಯ ತರಗತಿಯ ಸಮಾಜ ಪುಸ್ತಕದ ಕರಡು ತಿದ್ದುತ್ತಿದ್ದಳು. ಸೀಟು ಒರೆಸಿಯಾಗಿತ್ತು. ಕಿಟಕಿಗೆ ಒಂದು ಪುಟ್ಟ ಪರದೆಯೂ ಬಂದಿತ್ತು.

ಡಾಕ್ಟರು ಗಾಜು ತಟ್ಟಿದರು. ಹೆಂಡತಿ ವಾಕ್ಯ ಮುಗಿಸಿ ಗಾಜನ್ನು ಸ್ವಲ್ಪ ಇಳಿಸಿದಳು.

“ಇಳಿಯೇ. ಸೀಟು ಬಿಚ್ಚಬೇಕು.”

“ಈಗ ಆಗಲ್ಲ. ಕೆಲಸದಲ್ಲಿದೀನಿ.”

“ಎಷ್ಟು ಹೊತ್ತು?”

“ಈ ಪುಸ್ತಕ ಮುಗಿಯೋವರೆಗೆ. ಇದಾದ ಮೇಲೆ ಏಳನೇ ತರಗತಿ ಇದೆ, ಎಂಟನೇ ತರಗತಿ ಇದೆ.” ಆಕೆ ಕ್ಲಿನಿಕ್ಕಿನ ಕಡೆ ಬೆರಳು ತೋರಿಸಿದಳು. “ನಿನ್ನೆ ಸಂಜೆ ನೀವು ಆ ಕಡೆ ಕೊರೀತಿದ್ರಿ. ನಾನು ಇಲ್ಲಿ ಕೂತಿದ್ದೆ. ಏನೂ ಕೇಳಿಸಲಿಲ್ಲರೀ. ಹದಿನೆಂಟು ಪುಟ ಮುಗಿಸಿದೆ, ಒಂದು ಗೀಟೂ ತಪ್ಪಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ.”

ಆ ಕೊನೆಯ ಮಾತು ಹೇಳುವಾಗ ಆಕೆಯ ದನಿ ಸ್ವಲ್ಪ ಬೇರೆಯಾಗಿತ್ತು. ಡಾಕ್ಟರಿಗೆ ಒಂದು ಕ್ಷಣ ಹೇಗೋ ಆಯಿತು. ಆದರೆ ಅವರು ಸಿಟ್ಟಿನಲ್ಲಿದ್ದರು, ಸಿಟ್ಟಿನಲ್ಲಿದ್ದಾಗ ಬೇರೆ ಏನಾದರೂ ಆಗುವುದು ಅವರಿಗೆ ಇಷ್ಟವಿರಲಿಲ್ಲ.

“ಇದು ಜಗತ್ತಿನ ಆಸ್ತಿ,” ಎಂದು ಗುಡುಗಿದರು. “ನಾನು ಇದನ್ನು ತಂದಿದ್ದು ಇದಕ್ಕೆ ಜೀವ ಕೊಡೋಕೆ. ನೀನು ಕೂತ್ಕೊಳ್ಳೋಕಲ್ಲ.”

“ಕಾಗದ ಯಾರ ಹೆಸರಲ್ಲಿದೆ?”

“ಅದು ಸುಮ್ಮನೆ ಹೆಸರಿಗೆ ಮಾತ್ರ.”

“‘ಹೆಸರಿಗೆ ಮಾತ್ರ’ ಅಂತ ಕಾಗದದಲ್ಲಿ ಎಲ್ಲೂ ಇಲ್ಲ. ನಾನು ಮೂರು ಸಲ ಓದಿದೀನಿ,” ಎಂದು ಆಕೆ ಗಾಜೇರಿಸಿದಳು.

ಸಂಜೆ ನಾಲ್ಕಕ್ಕೆ ಹಿಂದಿನ ಗೇಟು ಕಿರ್ರೆಂದಿತು. ಸ್ಟುಡಿಯೋ ಯಜಮಾನರು ಕಂಕುಳಲ್ಲಿ ದಿಂಬು, ಕೈಯಲ್ಲಿ ಪೇಪರು ಹಿಡಿದುಕೊಂಡು ಒಳಗೆ ಬಂದರು. ಡಾಕ್ಟರಿಗೆ ಕೈಯೆತ್ತಿ ನಮಸ್ಕಾರ ಮಾಡಿ, ಆಚೆಯ ಬಾಗಿಲಿನಿಂದ ಕಾರು ಹತ್ತಿ, ತಮ್ಮ ಮೂಲೆಯಲ್ಲಿ ಕೂತು, ಕನ್ನಡಕ ಹಾಕಿಕೊಂಡರು. ಹೆಂಡತಿ ಹಾಳೆಗಳನ್ನು ಸರಿಸಿ ಅವರಿಗೆ ಜಾಗ ಮಾಡಿದಳು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಒಬ್ಬರು ಓದಿದರು, ಒಬ್ಬಳು ತಿದ್ದಿದಳು. ಆರಕ್ಕೆ ಯಜಮಾನರು ಇಳಿದು ಹೋದರು. ‘ಆಗಾಗ’ ಎಂದರೆ ದಿನಾ ನಾಲ್ಕರಿಂದ ಆರು ಎಂದು ಡಾಕ್ಟರಿಗೆ ಆಮೇಲೆ ತಿಳಿಯಿತು.

ಹೀಗೆ ಈಗ ಡಾಕ್ಟರು ಮನವೊಲಿಸಬೇಕಾದ ಮಾಲೀಕರು ಮನೆಯೊಳಗೇ ಇದ್ದರು, ಅದೂ ಕಾಗುಣಿತ ಬಲ್ಲ ಮಾಲೀಕರು. ಡಾಕ್ಟರು ಊಟದ ಮೇಜಿನಲ್ಲಿ ಭಾಷಣ ಮಾಡಿದರು. ಮೌನವ್ರತ ಹಿಡಿದರು (ಅದನ್ನು ಯಾರೂ ಗಮನಿಸಲಿಲ್ಲ, ಹೆಂಡತಿ ಕಾರಿನಲ್ಲಿದ್ದಳು). ಪಿಟೀಲು ಟೀಚರಿಗೆ ದೂರು ಕೊಡಲು ಹೋದರು. ಟೀಚರು ಶೆಡ್ಡಿನಲ್ಲಿ ಇಪ್ಪತ್ತು ಕುರ್ಚಿ ಹಾಕಿಕೊಂಡು ಕೂತಿದ್ದವರು, “ನಮ್ಮನೆಯವರು ಈಗ ಮನೇಲಿ ನಗ್ತಾ ಓಡಾಡ್ತಾರೆ ಡಾಕ್ಟ್ರೇ,” ಎಂದು ಕೈ ಹಿಡಿದು ಉಪಕಾರ ಸ್ಮರಿಸಿದರು.

ಕೊನೆಗೆ ಹೆಂಡತಿಯೇ ದಯೆ ತೋರಿ ಒಂದು ಒಪ್ಪಂದಕ್ಕೆ ಬಂದಳು. ಗಾಜಿನ ತಡಿಕೆಯಿಂದ ಹಿಂದಕ್ಕೆ ಯಾವುದನ್ನೂ ಮುಟ್ಟುವ ಹಾಗಿಲ್ಲ. ಮುಂದೆ ಎಂಜಿನ್ನಿನ ಭಾಗದಲ್ಲಿ ಏನಾದರೂ ಮಾಡಿಕೊಳ್ಳಬಹುದು, ಆದರೆ ಸುತ್ತಿಗೆ ಬಳಸಕೂಡದು, ಗಾಡಿ ಅಲ್ಲಾಡಕೂಡದು. ಸುತ್ತಿಗೆಯಿಲ್ಲದೆ, ಗಾಡಿ ಅಲ್ಲಾಡದೆ ಆಗುವ ಒಂದೇ ಒಂದು ದುರಸ್ತಿಯೆಂದರೆ ಹಾರನ್ನು. ಅದನ್ನಾದರೂ ಮಾಡೋಣವೆಂದು ಡಾಕ್ಟರು ಒಂದು ವಾರ ಹೆಣಗಿ, ಹೊಸ ತಂತಿ ಎಳೆದು, ಬ್ಯಾಟರಿ ಕೂರಿಸಿ, ಹಿಂದಿನ ಸೀಟಿನಲ್ಲಿ ಕೂತವರ ಕೈಗೆಟುಕುವ ಹಾಗೆ ಗುಂಡಿಯನ್ನೂ ಕೂರಿಸಿಕೊಟ್ಟರು. ಹಾಗೆ ಕೂರಿಸಬೇಕೆಂದು ಹೇಳಿದ್ದು ಯಜಮಾನರು. ಯಾಕೆಂದು ಡಾಕ್ಟರು ಆಗ ಕೇಳಲಿಲ್ಲ.

ಇಷ್ಟನ್ನೂ ಡಾಕ್ಟರು ಬಿಚ್ಚಿ ಹೇಳಿಕೊಂಡದ್ದು ಬ್ಯಾಂಕಿನ ಗುಮಾಸ್ತರ ಮುಂದೆ. ಅವರ ದವಡೆಯ ಹಲ್ಲಿಗೆ ಮದ್ದು ಕೊಟ್ಟು, ಬಾಯಿತುಂಬ ಹತ್ತಿ ತುರುಕಿ, ಮರಗಟ್ಟುವುದಕ್ಕೆ ಕಾಯುತ್ತಿದ್ದ ಹೊತ್ತು. ಅಂಥ ಸ್ಥಿತಿಯಲ್ಲಿದ್ದ ಮನುಷ್ಯ ಎದುರುತ್ತರ ಕೊಡುವುದಿಲ್ಲ, ನಡುವೆ ಎದ್ದೂ ಹೋಗುವುದಿಲ್ಲ.

“ನೀವೇ ಹೇಳಿ,” ಎಂದರು ಡಾಕ್ಟರು. “ಮೂವತ್ತೇಳರಲ್ಲಿ ಒಂದು. ಅದರಲ್ಲಿ ನನಗೆ ಸಿಕ್ಕಿದ್ದು ಹಾರನ್ನು. ಇದು ನ್ಯಾಯವಾ?”

ಗುಮಾಸ್ತರು ಕಣ್ಣಲ್ಲೇ ಅಲ್ಲ ಎಂದರು. ಹೊರಗಿನ ಕೋಣೆಯಲ್ಲಿ ಅವರ ಹೆಂಡತಿ, ಹೆಂಡತಿಯ ಇಬ್ಬರು ತಂಗಿಯರು ಕೂತು, ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು. ಗುಮಾಸ್ತರು ಆ ಬಾಗಿಲ ಕಡೆ ಒಮ್ಮೆ ನೋಡಿದರು.

ಅಷ್ಟರಲ್ಲಿ ಅಂಗಳದಿಂದ ಹಾರನ್ನು ಎರಡು ಸಲ ಕೂಗಿತು. ಸದ್ದು ಗಂಭೀರವಾಗಿತ್ತು, ದೊಡ್ಡ ಮನೆತನದ್ದಾಗಿತ್ತು. ಗುಮಾಸ್ತರು ಹುಬ್ಬೆತ್ತಿ ಏನೆಂದು ಕೇಳಿದರು.

“ಒಂದು ಸಲ ಕೂಗಿದ್ರೆ ನೀರು. ಎರಡು ಸಲ ಕೂಗಿದ್ರೆ ಕಾಫಿ,” ಎಂದು ಡಾಕ್ಟರು ಕೈಗವಸು ಕಳಚಿದರು.

ಅವರು ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಗುಮಾಸ್ತರು ಕೈಯೆತ್ತಿ ತಡೆದರು. ಬಾಯಿಂದ ಒಂದೊಂದಾಗಿ ಹತ್ತಿಯ ಉಂಡೆಗಳನ್ನು ತೆಗೆದು ಟ್ರೇಯಲ್ಲಿಟ್ಟರು. ಮರಗಟ್ಟಿದ ನಾಲಿಗೆಯಿಂದ ಬಹಳ ಕಷ್ಟಪಟ್ಟು, ಹೊರಗೆ ಕೇಳಿಸದ ಹಾಗೆ ಕೇಳಿದರು.

“ಡಾಕ್ಟ್ರೇ, ಹಿಂದಿನ ಸೀಟು ಭರ್ತಿ, ಸರಿ. ಮುಂದಿನದು, ಡ್ರೈವರ್ ಪಕ್ಕದ್ದು, ಅದು ಖಾಲಿ ಇದೆಯಾ?”

ಡಾಕ್ಟರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಮೂಗಿನ ಹೊಳ್ಳೆಗಳು ಅರಳುವುದಕ್ಕೆ ಹೋಗಿ, ಅರ್ಧಕ್ಕೆ ನಿಂತವು.

“ಆ ಸೀಟಿಗೆ ನಾನು ಅರ್ಜಿ ಬರೆದುಕೊಟ್ಟು ಹತ್ತು ದಿನ ಆಯ್ತು ಸ್ವಾಮಿ,” ಎಂದರು. “ಇನ್ನೂ ತಿದ್ದಿ ವಾಪಸ್ ಬಂದಿಲ್ಲ.”